ತ್ರೀಡಿ ಎಲಿವೇಶನ್‌ನಲ್ಲಿ ಹೆಂಚಿನ ಛಾವಣಿ ಎದ್ದು ಕಾಣಬೇಕಾದರೆ

ಮೈಸೂರಿನ ಬಡಾವಣೆಗಳಲ್ಲಿ 30×40, 40×60 ಸೈಟುಗಳಿಗೆ ಮಾಡಿಸುವ ತ್ರೀಡಿ ಎಲಿವೇಶನ್‌ಗಳನ್ನು, ಅಂದರೆ ಮನೆ ಕಟ್ಟುವ ಮೊದಲೇ ಅದರ ಹೊರನೋಟವನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸುವ ಚಿತ್ರಗಳನ್ನು, ಒಂದರ ಪಕ್ಕ ಒಂದು ಇಟ್ಟು ನೋಡಿ. ಗೋಡೆಯ ಬಣ್ಣ, ಕ್ಲ್ಯಾಡಿಂಗ್ ಕಲ್ಲು, ಗಾಜಿನ ರೇಲಿಂಗ್, ಗೇಟಿನ ಲೇಸರ್ ಕಟಿಂಗ್ ಎಲ್ಲವೂ ನಿಚ್ಚಳವಾಗಿರುತ್ತವೆ. ಛಾವಣಿ ಮಾತ್ರ ಕೆಂಪು ಬಳಿದ ಹಲಗೆಯ ಹಾಗೆ ಮಂಕಾಗಿ ಮಲಗಿರುತ್ತದೆ. ಇನ್ನೂ ಒಳ್ಳೆಯ ಹೆಂಚಿನ ಟೆಕ್ಸ್ಚರ್ (ಮಾಡೆಲ್‌ನ ಮೈಗೆ ಅಂಟಿಸುವ ಚಿತ್ರ) ಹುಡುಕಿ ತಂದು ಹಾಕಿದರೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಒಂಟಿಕೊಪ್ಪಲಿನಲ್ಲೋ ಚಾಮರಾಜಪುರದಲ್ಲೋ ಉಳಿದಿರುವ ಹಳೆಯ ಹೆಂಚಿನ ಮನೆಯೊಂದನ್ನು ನಡುಮಧ್ಯಾಹ್ನ ಒಮ್ಮೆ, ಬಿಸಿಲು ಇಳಿಯುವಾಗ ಇನ್ನೊಮ್ಮೆ ನೋಡಿದರೆ ಕಾರಣ ತಿಳಿಯುತ್ತದೆ. ಹೆಂಚು ಅದೇ, ಬಣ್ಣ ಅದೇ. ಆದರೂ ಎರಡನೇ ಸಲ ಒಂದೊಂದು ಸಾಲನ್ನೂ ಎಣಿಸಬಹುದು. ಕಣ್ಣು ಹಿಡಿಯುವುದು ಹೆಂಚನ್ನಲ್ಲ, ಒಂದು ಹೆಂಚು ಕೆಳಗಿನ ಹೆಂಚಿನ ಮೇಲೆ ಚೆಲ್ಲುವ ನೆರಳಿನ ಗೆರೆಯನ್ನು.

ಹಾಗಾಗಿ ಛಾವಣಿಯ ಕೆಲಸ ಶುರುವಾಗಬೇಕಾದದ್ದು ಬಣ್ಣ ತೆಗೆದುಹಾಕುವುದರಿಂದ. ಇಡೀ ಮಾಡೆಲ್‌ಗೆ ಒಂದೇ ತಿಳಿಬೂದು ಮೆಟೀರಿಯಲ್ ಹೊದಿಸಿ ರೆಂಡರ್ ಮಾಡಿ, ಅಂದರೆ ಬೆಳಕು ನೆರಳಿನ ಸಮೇತ ಚಿತ್ರ ತೆಗೆಯಿರಿ; ಇದಕ್ಕೆ ಕ್ಲೇ ರೆಂಡರ್ ಎನ್ನುತ್ತಾರೆ. ರೆಂಡರ್ ಮಾಡುವ ತಂತ್ರಾಂಶಗಳಾದ ವಿ-ರೇ, ಕೊರೊನಾ ಎರಡರಲ್ಲೂ ಇದಕ್ಕೆ, ಎಲ್ಲ ಮೆಟೀರಿಯಲ್‌ಗಳ ಬದಲು ಒಂದನ್ನೇ ಹಾಕುವ ಮೆಟೀರಿಯಲ್ ಓವರ್‌ರೈಡ್ ಇದೆ. ಬ್ಲೆಂಡರಿನಲ್ಲೂ ವ್ಯೂ ಲೇಯರ್‌ಗೆ ಓವರ್‌ರೈಡ್ ಕೊಡಬಹುದು. ಬೂದು ಚಿತ್ರದಲ್ಲಿ ಹೆಂಚಿನ ಸಾಲು, ಸೂರಿನ ಅಂಚು, ನೆತ್ತಿಯ (ಇಳಿಜಾರುಗಳು ಕೂಡುವ ಮೇಲ್ತುದಿಯ) ಗೆರೆ ಓದಲು ಬಂದರೆ ಮುಂದಿನದು ಸುಲಭ. ಬರದಿದ್ದರೆ ಯಾವ ಮೆಟೀರಿಯಲ್ಲೂ ಅದನ್ನು ಉಳಿಸುವುದಿಲ್ಲ. ಐದು ನಿಮಿಷದ ಈ ಪರೀಕ್ಷೆ ಬಿಟ್ಟು ನೇರವಾಗಿ ಬಣ್ಣಕ್ಕೆ ಇಳಿಯುವವರು ಆಮೇಲೆ ಫೋಟೋಶಾಪಿನಲ್ಲಿ ಗಂಟೆಗಟ್ಟಲೆ ಕಳೆಯುತ್ತಾರೆ.

ಬಿಸಿಲು ಯಾವ ಕಡೆಯಿಂದ

ಮಂಗಳೂರು ಹೆಂಚಿನ ಮೈಯಲ್ಲಿ ಎರಡು ಬಗೆಯ ಉಬ್ಬು ಇರುತ್ತದೆ. ಮೇಲಿನ ಹೆಂಚಿನ ಮೂಗು ಕೆಳಗಿನದರ ಮೇಲೆ ಕೂರುವ ಕಡೆ ಅಡ್ಡಕ್ಕೆ ಒಂದು ಮೆಟ್ಟಿಲು. ಮಳೆನೀರು ಇಳಿಯಲು ಮೇಲಿನಿಂದ ಕೆಳಕ್ಕೆ ಹೋಗುವ ಏಣು ಮತ್ತು ಕಾಲುವೆ. ಇವೆರಡೂ ಒಂದೇ ಬಿಸಿಲಿಗೆ ಕಾಣುವುದಿಲ್ಲ. ನೆತ್ತಿಯ ಆಚೆಯಿಂದ ಬಿಸಿಲು ಇಳಿದು ಬಂದರೆ ಮೆಟ್ಟಿಲಿನ ಕೆಳಗೆ ನೆರಳು ಬೀಳುತ್ತದೆ, ಅಡ್ಡಸಾಲುಗಳು ಎದ್ದು ನಿಲ್ಲುತ್ತವೆ. ಪಕ್ಕದಿಂದ ಬಂದರೆ ಏಣುಗಳ ನೆರಳು ಕಾಲುವೆಗೆ ಬಿದ್ದು ಉದ್ದಗೆರೆಗಳು ಕಾಣುತ್ತವೆ. ಸೂರಿನ ಕಡೆಯಿಂದ, ಅಂದರೆ ಮುಂದಿನಿಂದ ಬಂದರೆ ಮೂಗುಗಳ ಮೇಲೆಯೇ ಬೆಳಕು ಬಿದ್ದು ನೆರಳು ಇಲ್ಲವೇ ಇಲ್ಲ. ರೆಂಡರ್‌ಗಳಲ್ಲಿ ಸಪ್ಪೆ ಛಾವಣಿ ಹೆಚ್ಚಾಗಿ ಕಾಣುವುದು ಈ ಮೂರನೇ ಬೆಳಕಿನಲ್ಲಿ, ಏಕೆಂದರೆ ಮುಂಗೋಡೆ ಚೆನ್ನಾಗಿ ಬೆಳಗಲಿ ಎಂದು ಸೂರ್ಯನನ್ನು ತಂದು ಕ್ಯಾಮೆರಾದ ಬೆನ್ನಿಗೆ ನಿಲ್ಲಿಸಿರುತ್ತಾರೆ.

ನೆರಳಿನ ಉದ್ದವನ್ನು ಲೆಕ್ಕ ಹಾಕಿಯೇ ನೋಡಬಹುದು. ಮೆಟ್ಟಿಲಿನ ಎತ್ತರ ಸುಮಾರು 20 ಮಿ.ಮೀ. ಎಂದಿಟ್ಟುಕೊಳ್ಳಿ. ನೆತ್ತಿಯ ಕಡೆಯಿಂದ ಬರುವ ಬಿಸಿಲು ಇಳಿಜಾರಿನ ಮೈಗೆ 60 ಡಿಗ್ರಿ ಕೋನದಲ್ಲಿ ಬಿದ್ದರೆ ನೆರಳು 12 ಮಿ.ಮೀ. ಕೂಡ ದಾಟುವುದಿಲ್ಲ. ಅದೇ ಬಿಸಿಲು 20 ಡಿಗ್ರಿಯಲ್ಲಿ ಮೈ ಸವರಿಕೊಂಡು ಬಂದರೆ ನೆರಳು 55 ಮಿ.ಮೀ. ಆಗುತ್ತದೆ. ಇದನ್ನು ಪಿಕ್ಸೆಲ್‌ಗೆ ಇಳಿಸಿ: 20 ಮೀಟರ್ ಅಗಲದ ದೃಶ್ಯವನ್ನು 2500 ಪಿಕ್ಸೆಲ್‌ನಲ್ಲಿ ತೆಗೆದರೆ ಒಂದು ಪಿಕ್ಸೆಲ್‌ಗೆ 8 ಮಿ.ಮೀ. ಇಳಿಜಾರಿನ ಮೈಯನ್ನು ನೇರ ಎದುರಿನಿಂದ ನೋಡಿದರೂ ಮೊದಲನೇ ನೆರಳಿಗೆ ಸಿಗುವುದು ಒಂದೂವರೆ ಪಿಕ್ಸೆಲ್, ಎರಡನೆಯದಕ್ಕೆ ಏಳು; ಓರೆಯಾಗಿ ನೋಡಿದರೆ ಎರಡೂ ಇನ್ನಷ್ಟು ಕುಗ್ಗುತ್ತವೆ. ಮನೆ ಕಟ್ಟಿಸುವವರು ಅದನ್ನು ವಾಟ್ಸಾಪ್‌ನಲ್ಲಿ, 1080 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ನೋಡುವ ಹೊತ್ತಿಗೆ ಮೊದಲನೆಯದು ಪೂರ್ತಿ ಅಳಿಸಿಹೋಗಿರುತ್ತದೆ. ಎರಡನೆಯದು ಹೆಚ್ಚೆಂದರೆ ಮೂರು ಪಿಕ್ಸೆಲ್ ದಪ್ಪದ ಗೆರೆಯಾಗಿ ಉಳಿದಿರುತ್ತದೆ.

ನಿಯಮ ಇಷ್ಟು: ಸೂರ್ಯ ನೆತ್ತಿಯ ಆಚೆ ಇರುವಾಗ ಅವನ ಎತ್ತರದಿಂದ ಛಾವಣಿಯ ಇಳಿಜಾರನ್ನು ಕಳೆಯಿರಿ. ಉತ್ತರ 10ರಿಂದ 30 ಡಿಗ್ರಿಯೊಳಗೆ ಬಂದರೆ ಒಳ್ಳೆಯ ನೆರಳು. ಸೊನ್ನೆಗೆ ಇಳಿದರೆ ಆ ಇಳಿಜಾರು ಪೂರ್ತಿ ತನ್ನದೇ ನೆರಳಿಗೆ ಹೋಗುತ್ತದೆ.

ಈಗ ಮೈಸೂರಿನ ಸೂರ್ಯನಿಗೆ ಬರೋಣ. ಊರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಂಡ್ಯಕ್ಕೂ ಲೆಕ್ಕ ಹೆಚ್ಚು ಕಡಿಮೆ ಇದೇ. ಡಿಸೆಂಬರ್ 21ರ ನಡುಹಗಲಲ್ಲಿ ಸೂರ್ಯ ದಕ್ಷಿಣಕ್ಕೆ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಮ್ಮ ತಲೆಯ ನೇರ ಮೇಲನ್ನು ದಾಟಿ ಉತ್ತರಕ್ಕೆ ಹೋಗಿ, ಆಗಸ್ಟ್ 20ರ ಸುಮಾರಿಗೆ ಮತ್ತೆ ದಕ್ಷಿಣಕ್ಕೆ ಬರುತ್ತಾನೆ. ಅಂದರೆ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಇಲ್ಲಿ ಉತ್ತರದ ಗೋಡೆಗೂ ನಡುಹಗಲ ಬಿಸಿಲು ಬೀಳುತ್ತದೆ. ಮನೆಯ ಮಾಡೆಲ್ ಮಾಡುವ ಸ್ಕೆಚ್‌ಅಪ್ ತಂತ್ರಾಂಶದ ಟೆಂಪ್ಲೇಟಿನಲ್ಲಿ ತಾನಾಗಿ ಕೂತಿರುವ ಊರು ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್, 40 ಡಿಗ್ರಿ ಉತ್ತರ. ಅಲ್ಲಿ ನಡುಹಗಲ ಸೂರ್ಯ ಎಂದೂ ಉತ್ತರಕ್ಕೆ ಹೋಗುವುದೇ ಇಲ್ಲ. ಊರು ಬದಲಿಸದೆ ರೆಂಡರ್ ಮಾಡಿದರೆ ಬೇರೆ ದೇಶದ ನೆರಳು ನಿಮ್ಮ ಸೂರಿನ ಕೆಳಗೆ ಬಿದ್ದಿರುತ್ತದೆ. ಲುಮಿಯಾನ್‌ನಲ್ಲಿ ಸನ್ ಸ್ಟಡಿ ಎಫೆಕ್ಟ್, ಬ್ಲೆಂಡರಿನಲ್ಲಿ ಸನ್ ಪೊಸಿಶನ್ ಆಡ್‌ಆನ್, 3ಡಿಎಸ್ ಮ್ಯಾಕ್ಸ್‌ನಲ್ಲಿ ಸನ್ ಪೊಸಿಶನರ್ ಇವೆ, ಅಕ್ಷಾಂಶ 12.3, ರೇಖಾಂಶ 76.65 ಎಂದು ಕೊಡಿ. ಟೈಮ್ ಝೋನ್ 5.30 ಇದೆಯೇ ನೋಡಿ. ಅರ್ಧ ಗಂಟೆ ತಪ್ಪಿದರೆ ಸೂರ್ಯ ಏಳೂವರೆ ಡಿಗ್ರಿ ಸರಿಯುತ್ತಾನೆ. ನಮ್ಮ ಗಡಿಯಾರದ ಹನ್ನೆರಡು ಸೂರ್ಯನ ಹನ್ನೆರಡಲ್ಲ ಎಂಬುದೂ ನೆನಪಿರಲಿ: ಮೈಸೂರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಏರುವುದು ಸರಾಸರಿ 12.23ಕ್ಕೆ.

ಇನ್ನೊಂದು ತಪ್ಪು ಇದಕ್ಕಿಂತಲೂ ಸಾಮಾನ್ಯ. ಪ್ಲಾನ್ ಬರೆಯುವಾಗ ಮನೆಯ ಮುಂಭಾಗವನ್ನು ಹಾಳೆಯ ಕೆಳಗಡೆಗೆ ಇಡುವುದು ರೂಢಿ. ಅದೇ ಪ್ಲಾನನ್ನು ಎತ್ತಿ ಮಾಡೆಲ್ ಮಾಡಿದಾಗ ಸಾಫ್ಟ್‌ವೇರ್ ಅದನ್ನು ದಕ್ಷಿಣದ ಬಾಗಿಲು ಎಂದು ತಿಳಿಯುತ್ತದೆ. ಪೂರ್ವದ ಬಾಗಿಲಿನ ಮನೆಗೆ ದಕ್ಷಿಣದ ಬಿಸಿಲು ಬೀಳುವುದು ಹೀಗೆ. ಉತ್ತರದಿಕ್ಕನ್ನು ತಿರುಗಿಸಿಕೊಂಡ ಮೇಲೆಯೇ ದಿನ, ಗಂಟೆ ಆರಿಸಿ.

ಪೂರ್ವದ ಬಾಗಿಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿ ಹೆಚ್ಚಿನವರು ಕೇಳುವುದೂ ಅದನ್ನೇ. ಮುಂದಿನ ಇಳಿಜಾರು 25 ಡಿಗ್ರಿ, ಪೂರ್ವಕ್ಕೆ ವಾಲಿದೆ. ಬೆಳಗಿನ ಬಿಸಿಲಲ್ಲಿ ಗೋಡೆ ಬೆಳಗುತ್ತದೆ, ಛಾವಣಿ ಸಪ್ಪೆಯಾಗುತ್ತದೆ. ಮಾರ್ಚ್ 21ರ ಮಧ್ಯಾಹ್ನ 3.25ಕ್ಕೆ ಸೂರ್ಯ ಪಶ್ಚಿಮದಲ್ಲಿ 45 ಡಿಗ್ರಿ ಎತ್ತರದಲ್ಲಿರುತ್ತಾನೆ. 45ರಲ್ಲಿ 25 ಕಳೆದರೆ 20. ಹೆಂಚಿನ ಅಡ್ಡಸಾಲಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಆದರೆ ಮುಂಗೋಡೆ ಪೂರ್ತಿ ನೆರಳಲ್ಲಿ ನಿಲ್ಲುತ್ತದೆ. ಗೋಡೆ, ಛಾವಣಿ ಎರಡೂ ಬೇಕೆಂದರೆ ಡಿಸೆಂಬರ್ 21ರ ಬೆಳಿಗ್ಗೆ 10.20ನ್ನು ಹಿಡಿಯಿರಿ. ಸೂರ್ಯ ಆಗ್ನೇಯದಲ್ಲಿ 44 ಡಿಗ್ರಿ ಎತ್ತರದಲ್ಲಿರುತ್ತಾನೆ. ಗೋಡೆಯ ಮೇಲೆ ಬಿಸಿಲು ಓರೆಯಾಗಿ ಬೀಳುತ್ತದೆ, ಛಾವಣಿಯಲ್ಲಿ ಏಣುಗಳ ನೆರಳು ಉತ್ತರದ ಕಡೆಗೆ ವಾಲುತ್ತದೆ, 600 ಮಿ.ಮೀ. ಸೂರಿನ ನೆರಳು ಗೋಡೆಯ ಮೇಲೆ ಸುಮಾರು 900 ಮಿ.ಮೀ. ಇಳಿಯುತ್ತದೆ. ಒಂದು ಗಂಟೆ ತಡಮಾಡಿ 11.20ಕ್ಕೆ ಇಟ್ಟರೆ ಅದೇ ಸೂರಿನ ನೆರಳು ಎರಡು ಮೀಟರಿನ ಹತ್ತಿರ ಇಳಿದು ಮೇಲಂತಸ್ತಿನ ಕಿಟಕಿಗಳನ್ನೆಲ್ಲ ನುಂಗಿಬಿಡುತ್ತದೆ.

ಪಶ್ಚಿಮದ ಬಾಗಿಲಿಗೆ ಇದನ್ನೇ ಕನ್ನಡಿಯಂತೆ ತಿರುಗಿಸಿಕೊಳ್ಳಿ. ದಕ್ಷಿಣದ ಬಾಗಿಲಿನವರು ಪುಣ್ಯವಂತರು: ಡಿಸೆಂಬರ್ ಬೆಳಿಗ್ಗೆ 8.20ರ ಬಿಸಿಲು ಗೋಡೆಗೂ ಛಾವಣಿಗೂ 30 ಡಿಗ್ರಿಯ ಆಸುಪಾಸಿನಲ್ಲಿ ಪಕ್ಕದಿಂದ ಸವರಿ ಬರುತ್ತದೆ. ಉತ್ತರದ ಬಾಗಿಲಿಗೆ ಎರಡು ದಾರಿ. ಜೂನ್ 21ರ ಬೆಳಿಗ್ಗೆ 8.25ಕ್ಕೆ ಸೂರ್ಯ ಪೂರ್ವದಿಂದ 20 ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ, ಗೋಡೆಯ ಮೇಲೂ ತೆಳುವಾದ ಓರೆಬಿಸಿಲು ಸಿಗುತ್ತದೆ. ಇಲ್ಲವಾದರೆ ಡಿಸೆಂಬರ್ ನಡುಹಗಲು: 54ರಲ್ಲಿ 25 ಕಳೆದರೆ 29, ಛಾವಣಿ ಬೆಳಗಿ ನಿಲ್ಲುತ್ತದೆ, ಗೋಡೆ ತಣ್ಣಗೆ ನೆರಳಲ್ಲಿರುತ್ತದೆ. ಛಾವಣಿಯನ್ನೇ ತೋರಿಸಬೇಕಾದ ಚಿತ್ರಕ್ಕೆ ಈ ಎರಡನೆಯದು ನಿಜವಾಗಿಯೂ ಚೆಂದ. ಬಿಸಿಲಿನ ಗೋಡೆಯೇ ಬೇಕೆಂಬ ಹಟ ಬಿಟ್ಟವರಿಗೆ ಮಾತ್ರ ಇದು ದಕ್ಕುತ್ತದೆ.

ಬಿಸಿಲಿನ ಅಂಚಿನ ಬಗ್ಗೆ ಒಂದು ಮಾತು. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ. ಹಾಗಾಗಿ ಒಂದು ಮೀಟರ್ ದೂರ ಬೀಳುವ ನೆರಳಿನ ಅಂಚು 9 ಮಿ.ಮೀ. ಮಸುಕಾಗುತ್ತದೆ. ನೆರಳು ಮೃದುವಾಗಲಿ ಎಂದು ಸನ್ ಸೈಜನ್ನು (ಸೂರ್ಯನನ್ನು ನಿಜಕ್ಕಿಂತ ಎಷ್ಟು ಪಟ್ಟು ಅಗಲ ಮಾಡಬೇಕೆಂಬ ಸಂಖ್ಯೆಯನ್ನು) 10ಕ್ಕೆ ಏರಿಸಿದರೆ ಸೂರಿನ ನೆರಳಿನ ಅಂಚು 9 ಸೆಂ.ಮೀ. ಹರಡಿಕೊಳ್ಳುತ್ತದೆ, ಆ ಕಡೆ ಗೋಡೆಯೂ ಈ ಕಡೆ ಸೂರೂ ಬೇರೆಯಾಗಿ ಕಾಣುವುದಿಲ್ಲ. 1ರಿಂದ 3ರ ಒಳಗೇ ಇರಲಿ.

ಕ್ಯಾಮೆರಾ ಎಲ್ಲಿ ನಿಂತಿದೆ

ರಸ್ತೆಯಲ್ಲಿ ನಿಂತವರ ಕಣ್ಣಿನ ಎತ್ತರ 1.6 ಮೀಟರ್, ಎರಡಂತಸ್ತಿನ ಮನೆಯ ಸೂರು 6.5 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. 25 ಡಿಗ್ರಿಯ ಇಳಿಜಾರಿನ ಮೈ ಕಣ್ಣಿಗೆ ಬೀಳಲು ಶುರುವಾಗುವುದೇ ಸೂರಿನಿಂದ ಹತ್ತೂವರೆ ಮೀಟರ್ ದೂರ ಹೋದ ಮೇಲೆ. 30 ಅಡಿ ರಸ್ತೆಯ ಎದುರಂಚಿನಲ್ಲಿ ನಿಂತರೂ ಕಾಣುವುದು ಹೆಚ್ಚು ಕಡಿಮೆ ಒಂದು ಗೆರೆ. 20 ಮೀಟರ್ ಹಿಂದಕ್ಕೆ ಹೋದರೆ 4 ಮೀಟರ್ ಉದ್ದದ ಇಳಿಜಾರು 0.8 ಮೀಟರಿನಷ್ಟು ಎತ್ತರವಾಗಿ ಕಾಣುತ್ತದೆ. ಅಷ್ಟೇ ದೂರದಲ್ಲಿ ಕ್ಯಾಮೆರಾವನ್ನು 5 ಮೀಟರ್ ಎತ್ತರಕ್ಕೆ, ಅಂದರೆ ಎದುರುಮನೆಯ ಮೊದಲ ಮಹಡಿಯ ಬಾಲ್ಕನಿಯ ಮಟ್ಟಕ್ಕೆ ಏರಿಸಿದರೆ 1.4 ಮೀಟರ್. 9 ಮೀಟರಿಗೆ ಏರಿಸಿದರೆ 2.1 ಮೀಟರ್.

ಇವುಗಳಲ್ಲಿ ಬಾಲ್ಕನಿಯ ಎತ್ತರವನ್ನೇ ಮೊದಲು ಪ್ರಯತ್ನಿಸಿ. ಡ್ರೋನ್ ಎತ್ತರದಲ್ಲಿ ಛಾವಣಿ ಧಾರಾಳವಾಗಿ ಸಿಗುತ್ತದೆ ನಿಜ, ಆದರೆ ಮನೆ ಆಟದ ಸಾಮಾನಿನಂತೆ ಕುಗ್ಗುತ್ತದೆ. ಮನೆಯವರು ತಮ್ಮ ಮನೆಯನ್ನು ಆ ಎತ್ತರದಿಂದ ಎಂದೂ ನೋಡುವುದಿಲ್ಲ. ಮಾಡೆಲ್‌ನಲ್ಲಿ ಎದುರುಮನೆ ಅಡ್ಡ ಬಂದರೆ, ಕ್ಯಾಮೆರಾದ ಹತ್ತಿರದ ವಸ್ತುಗಳನ್ನು ಮರೆಮಾಡುವ ಕ್ಲಿಪಿಂಗ್ ಹಾಕಿ ಹಿಂದಕ್ಕೆ ಸರಿಯಿರಿ. ಹಿಂದೆ ಸರಿದಷ್ಟೂ 35ರಿಂದ 50 ಮಿ.ಮೀ. ಲೆನ್ಸ್ ಬಳಸಲು ಬರುತ್ತದೆ, ಗೋಡೆಗೆ ಹೋಲಿಸಿದರೆ ಛಾವಣಿಯ ಪಾಲು ಹೆಚ್ಚುತ್ತದೆ. 18–20 ಮಿ.ಮೀ. ಲೆನ್ಸ್‌ನಲ್ಲಿ ಹತ್ತಿರದ ಸೂರಿನ ಮೂಲೆ ಭರ್ಜಿಯ ಹಾಗೆ ಚಾಚಿಕೊಂಡು, ಹಿಂದಿನ ಇಳಿಜಾರೆಲ್ಲ ಅದರ ಮರೆಗೆ ಹೋಗುತ್ತದೆ. ಕಂಬ, ಗೋಡೆ ನೆಟ್ಟಗೆ ನಿಲ್ಲಲು, ಲಂಬಗೆರೆಗಳನ್ನು ವಾಲಿಸದ ಟೂ-ಪಾಯಿಂಟ್ ಪರ್ಸ್ಪೆಕ್ಟಿವ್ ಇಡಿ.

ಹೆಂಚಿನ ಅಳತೆ, ಸೂರಿನ ಅಂಚು

ಮಂಗಳೂರು ಹೆಂಚಿಗೆ ಭಾರತೀಯ ಮಾನಕ ಐಎಸ್ 654 ಇದೆ. ಅದರಲ್ಲಿ ಸಣ್ಣ ಅಳತೆ 410 × 235 ಮಿ.ಮೀ. ಒಂದರ ಮೇಲೊಂದು ಹೊದ್ದ ಮೇಲೆ ಕಣ್ಣಿಗೆ ಕಾಣುವ ಭಾಗ ಸುಮಾರು 210 × 320. ಚದರ ಮೀಟರಿಗೆ 15 ಹೆಂಚು ಎಂದು ಎಲ್ಲರೂ ಹಾಕುವ ಲೆಕ್ಕಕ್ಕೂ ಇದು ಸರಿಹೊಂದುತ್ತದೆ. ಕಾರ್ಖಾನೆಯಿಂದ ಕಾರ್ಖಾನೆಗೆ ಸ್ವಲ್ಪ ವ್ಯತ್ಯಾಸ ಇರುವುದರಿಂದ ಕೆಲಸಕ್ಕೆ ತರುವ ಹೆಂಚಿಗೇ ಟೇಪು ಹಿಡಿಯುವುದು ಮೇಲು. ಟೆಕ್ಸ್ಚರಿನ ಅಳತೆ ಸರಿ ಇದೆಯೇ ಎಂದು ನೋಡಲು ಸಾಲು ಎಣಿಸಿ: 4 ಮೀಟರ್ ಇಳಿಜಾರಿಗೆ ನೆತ್ತಿಯಿಂದ ಸೂರಿನವರೆಗೆ 12 ಅಥವಾ 13 ಸಾಲು ಬರಬೇಕು. 25 ಬಂದಿದ್ದರೆ ಹೆಂಚು ಅರ್ಧಕ್ಕೆ ಕುಗ್ಗಿದೆ, ಮನೆ ಕಲ್ಯಾಣಮಂಟಪದಷ್ಟು ದೊಡ್ಡದಾಗಿ ಕಾಣುತ್ತಿದೆ. ಆರೇಳು ಬಂದಿದ್ದರೆ ಮನೆ ಗೂಡಂಗಡಿಯಾಗಿದೆ. ನೋಡುವವರಿಗೆ ತಪ್ಪು ಎಲ್ಲಿದೆ ಎಂದು ಹೇಳಲು ಬರುವುದಿಲ್ಲ, ಏನೋ ಸರಿಯಿಲ್ಲ ಎಂದಷ್ಟೇ ಅನಿಸುತ್ತದೆ.

ಇಡೀ ಛಾವಣಿಗೆ ನಿಜವಾದ ಹೆಂಚಿನ ಮಾಡೆಲ್ ಜೋಡಿಸಬೇಕೇ? 100 ಚದರ ಮೀಟರಿಗೆ 1500 ಹೆಂಚು. ಒಂದಕ್ಕೆ 2000 ಪಾಲಿಗನ್ (ಮಾಡೆಲ್‌ನ ಮೈಯನ್ನು ಕಟ್ಟುವ ಸಣ್ಣ ಮುಖಗಳು) ಎಂದರೂ 30 ಲಕ್ಷ. ವಿ-ರೇ ಪ್ರಾಕ್ಸಿಯಾಗಿ, ಇಲ್ಲವೇ ಬ್ಲೆಂಡರಿನ ಇನ್‌ಸ್ಟೆನ್ಸ್ ಆಗಿ, ಅಂದರೆ ಒಂದೇ ಮೂಲದ ಪಡಿಯಚ್ಚುಗಳಾಗಿ ಹರಡಿದರೆ ಒಂದೇ ಹೆಂಚು ಮೆಮೊರಿಯಲ್ಲಿ ಇರುವುದರಿಂದ ಸಾಧಾರಣ ಯಂತ್ರವೂ ತಡೆದುಕೊಳ್ಳುತ್ತದೆ. ಅದೇ ಹೆಂಚನ್ನು ಸ್ಕೆಚ್‌ಅಪ್‌ನಲ್ಲಿ ಎಕ್ಸ್‌ಪ್ಲೋಡ್ ಮಾಡಿ ಬಿಡಿಬಿಡಿಯಾಗಿ ಇಟ್ಟರೆ ಫೈಲು ತೆರೆಯುವುದೇ ಕಷ್ಟ. ಹತ್ತಿರದ ನೋಟವಲ್ಲದಿದ್ದರೆ ಇನ್ನೊಂದು ಮಧ್ಯದ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ. ಸೂರಿನ ಮೊದಲ ಎರಡು ಸಾಲು, ತ್ರಿಕೋನಗೋಡೆಯ ಪಕ್ಕದ ಅಂಚು, ನೆತ್ತಿಯ ಹೆಂಚು ಇಷ್ಟನ್ನು ನಿಜವಾದ ಮಾಡೆಲ್ ಆಗಿ ಇಟ್ಟು, ನಡುವಿನ ಮೈಗೆ 15–20 ಮಿ.ಮೀ. ಡಿಸ್‌ಪ್ಲೇಸ್‌ಮೆಂಟ್ (ಚಿತ್ರವೊಂದರ ಆಧಾರದಲ್ಲಿ ಮೈಯನ್ನು ನಿಜವಾಗಿಯೇ ಉಬ್ಬಿಸುವುದು) ಕೊಡುವುದು. ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ಬಂಪ್ ಮತ್ತು ನಾರ್ಮಲ್ ಮ್ಯಾಪ್‌ಗಳು ಮೈಯ ಮೇಲಿನ ಬೆಳಕನ್ನು ಬದಲಿಸುತ್ತವೆಯೇ ಹೊರತು ಅಂಚಿನ ಆಕಾರವನ್ನಲ್ಲ. ಆಕಾಶಕ್ಕೆ ಎದುರಾಗಿ ನಿಂತ ಸೂರಿನ ಅಂಚು ಸ್ಕೇಲು ಹಿಡಿದು ಎಳೆದಷ್ಟು ನೇರವಾಗಿದ್ದರೆ, ಒಳಗೆ ಎಷ್ಟು ಬಂಪ್ ಕೊಟ್ಟರೂ ಅದು ಕಾಗದವೇ. ಆ ಅಂಚಿನಲ್ಲಿ ಹೆಂಚಿನ ಮೂಗಿನ ಅಲೆ ಕಂಡರೆ ಉಳಿದ ಇಳಿಜಾರನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ.

ಸಾಲುಗಳು ಯಂತ್ರದಂತೆ ನೇರವಾಗಿರಬಾರದು. ಪ್ರತಿ ಹೆಂಚಿಗೂ ಅರ್ಧದಿಂದ ಒಂದು ಡಿಗ್ರಿಯೊಳಗೆ ತಿರುವು, 3–5 ಮಿ.ಮೀ. ಸರಿತ, ಮೂರು ನಾಲ್ಕು ಛಾಯೆಯ ವ್ಯತ್ಯಾಸ ಕೊಟ್ಟರೆ ಸಾಕು. ಹೆಚ್ಚಾದರೆ ಕೋತಿಗಳು ಓಡಾಡಿದ ಛಾವಣಿಯಾಗುತ್ತದೆ.

ಈಗ ಸೂರಿನ ಅಡಿಭಾಗ. ಬೀದಿಯಿಂದ ನೋಡುವವರಿಗೆ ಹೆಂಚಿಗಿಂತ ಹೆಚ್ಚಾಗಿ ಕಾಣುವುದು ಇದು, ಆದರೂ ಅತಿ ಹೆಚ್ಚು ತಪ್ಪುವುದೂ ಇಲ್ಲೇ. ಮೊದಲು ಛಾವಣಿ ಯಾವ ಬಗೆಯದು ಎಂದು ಕೇಳಿ ತಿಳಿಯಿರಿ. ಈಗಿನ ಮನೆಗಳಲ್ಲಿ ಹಲವು ಇಳಿಜಾರು ಆರ್‌ಸಿಸಿ ಸ್ಲ್ಯಾಬಿನ ಮೇಲೆ ಹೆಂಚು ಕೂರಿಸಿದವು: 100–125 ಮಿ.ಮೀ. ಕಾಂಕ್ರೀಟು, ಅದರ ಮೇಲೆ ಗಾರೆ, ಅದರ ಮೇಲೆ ಹೆಂಚು. ಅಂಚು ದಪ್ಪ, ಅಡಿ ನುಣುಪಾಗಿ ಬಣ್ಣ ಬಳಿದಿರುತ್ತದೆ. ಮರದ ಅಥವಾ ಕಬ್ಬಿಣದ ಬಾಕ್ಸ್ ಸೆಕ್ಷನ್ನಿನ ಛಾವಣಿಯಾದರೆ ಜಂತೆಗಳ ತುದಿ, ಅವುಗಳ ಮೇಲೆ ಸುಮಾರು 320 ಮಿ.ಮೀ.ಗೊಂದರಂತೆ ಹಾಯುವ ರೀಪರು (ಹೆಂಚು ಕೂರುವ ಪಟ್ಟಿ), ರೀಪರಿನ ನಡುವೆ ಹೆಂಚಿನ ಅಡಿಮೈ ಎಲ್ಲ ಕಾಣುತ್ತವೆ. ಮರದ ಛಾವಣಿಗೆ ಸ್ಲ್ಯಾಬಿನ ದಪ್ಪ ಕೊಟ್ಟರೆ ಸೂರು ಟೋಪಿಯಂತೆ ಭಾರವಾಗುತ್ತದೆ. ಸ್ಲ್ಯಾಬಿನ ಛಾವಣಿಗೆ ದಪ್ಪವನ್ನೇ ಕೊಡದಿದ್ದರೆ ಗಾಳಿಗೆ ಹಾರಿಹೋಗುವಂತಿರುತ್ತದೆ. ಜಂತೆಯ ತುದಿಗಳನ್ನು ಮಾಡೆಲ್ ಮಾಡಲು ಹತ್ತು ನಿಮಿಷ ಸಾಕು, ಅವು ಗೋಡೆಯ ಮೇಲೆ ಚೆಲ್ಲುವ ಹಲ್ಲುಹಲ್ಲಿನ ನೆರಳು ಇಡೀ ಚಿತ್ರಕ್ಕೆ ಸಿಗುವ ಅತಿ ಅಗ್ಗದ ಸೊಗಸು.

ಸೂರಿನ ಅಂಚಿಗೆ ಹೊಡೆಯುವ ಫ್ಯಾಸಿಯಾ ಹಲಗೆ, ಅದಕ್ಕೆ ತಗುಲಿಸಿದ ನೀರಿನ ದೋಣಿ, ದೋಣಿಯಿಂದ ಇಳಿಯುವ ಪೈಪು ಇವನ್ನು ಬಿಟ್ಟುಬಿಟ್ಟರೆ ಚಿತ್ರ ಚೊಕ್ಕಟವಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಮನೆ ಮುಗಿದ ಮೇಲೆ ಪೈಪು ಎಲ್ಲಿಂದಲೋ ಬಂದು ಮುಂಗೋಡೆಯ ನಡುವೆ ಇಳಿಯುತ್ತದೆ, ಆಗ ಜಗಳ. ದೋಣಿಯನ್ನು ಈಗಲೇ ತೋರಿಸಿ. ಅರ್ಧಗೋಲದ ದೋಣಿಯ ಮೇಲ್ಮೈಗೆ ಬೀಳುವ ತೆಳುಬೆಳಕು ಹೆಂಚಿಗೂ ಗೋಡೆಗೂ ನಡುವೆ ಒಂದು ಅಚ್ಚುಕಟ್ಟಾದ ಗೆರೆ ಎಳೆಯುತ್ತದೆ, ಚಿತ್ರಕ್ಕೂ ಲಾಭವೇ. ಸಜ್ಜದ ಅಡಿಯಲ್ಲಿ ನೀರು ಗೋಡೆಗೆ ಹರಿಯದಂತೆ ಕೊರೆಯುವ ಗೀರನ್ನೂ ಹತ್ತಿರದ ನೋಟಗಳಲ್ಲಿ ಮರೆಯಬೇಡಿ.

ಎರಡು ಇಳಿಜಾರು ಕೂಡುವ ಕಡೆ ಇನ್ನಷ್ಟು ಎಚ್ಚರ ಬೇಕು. ಹೊರಮೂಲೆಯಲ್ಲಿ ಹೆಂಚುಗಳನ್ನು ಓರೆಯಾಗಿ ಕತ್ತರಿಸಿ, ಮೇಲೆ ನೆತ್ತಿಯ ಹೆಂಚನ್ನೇ ಹೊದಿಸಿ ಗಾರೆ ಹಾಕಿರುತ್ತಾರೆ. ಆ ಗಾರೆಯ ಬೂದುಪಟ್ಟಿ ನಿಜವಾದ ಛಾವಣಿಯ ಗುರುತು. ಒಳಮೂಲೆಯಲ್ಲಿ ತಗಡಿನ ಕಾಲುವೆ ಇರುತ್ತದೆ, ಎರಡೂ ಬದಿಯ ಹೆಂಚು ಅದರ ಅಂಚಿನಲ್ಲೇ ನಿಲ್ಲುವುದರಿಂದ ನಡುವೆ ಒಂದು ಕಪ್ಪುಗೆರೆ ತೆರೆದಿರುತ್ತದೆ. ಮಾಡೆಲ್‌ನಲ್ಲಿ ಎರಡು ಟೆಕ್ಸ್ಚರ್‌ಗಳು ಕಾಗದ ಮಡಚಿದಂತೆ ಕೂಡಿಬಿಟ್ಟರೆ ಛಾವಣಿ ಅಲ್ಲೇ ಸಾಯುತ್ತದೆ. ಪ್ರತಿ ಇಳಿಜಾರಿಗೂ ಟೆಕ್ಸ್ಚರನ್ನು ಬೇರೆಬೇರೆಯಾಗಿ ತಿರುಗಿಸಬೇಕು: ಹೆಂಚಿನ ಕಾಲುವೆ ಯಾವಾಗಲೂ ನೀರು ಹರಿಯುವ ಕಡೆಗೇ ಇರಬೇಕು. ಪಕ್ಕದ ಇಳಿಜಾರಿನಲ್ಲಿ ಅದು ಅಡ್ಡಕ್ಕೆ ಮಲಗಿರುವ ರೆಂಡರ್‌ಗಳು ಬೇಕಾದಷ್ಟು ಓಡಾಡುತ್ತಿವೆ.

ಮಂಡ್ಯದ ಹಳ್ಳಿಗಳ ಕಡೆ ತೊಟ್ಟಿಮನೆಯನ್ನು ಹೊಸದಾಗಿ ಕಟ್ಟಿಸುವವರಿಗೂ, ಹಳೆಯದನ್ನು ದುರಸ್ತಿ ಮಾಡಿಸುವವರಿಗೂ ಚಿತ್ರ ಮಾಡುವಾಗ ಈ ಒಳಮೂಲೆಗಳೇ ಚಿತ್ರದ ಕೇಂದ್ರ. ನಾಲ್ಕೂ ಇಳಿಜಾರು ತೊಟ್ಟಿಯ ಕಡೆಗೆ ಇಳಿದು ನಾಲ್ಕು ಒಳಮೂಲೆಗಳಾಗುತ್ತವೆ, ಮಳೆನೀರೆಲ್ಲ ಅಲ್ಲಿಂದಲೇ ಧುಮುಕುತ್ತದೆ. ಅಲ್ಲಿ ನಾಡಹೆಂಚು ಇದ್ದರೆ ಮಂಗಳೂರು ಹೆಂಚಿನ ಲೆಕ್ಕ ಬಿಡಿ. ಕೈಯಲ್ಲಿ ಮಾಡಿದ ಅರ್ಧಕೊಳವೆಯಂಥ ಹೆಂಚು, ಒಂದು ಅಂಗಾತ, ಅದರ ಮೇಲೆ ಒಂದು ಬೋರಲು. ಇಲ್ಲಿ ತಿರುವು 3 ಡಿಗ್ರಿಯವರೆಗೂ ಹೋಗಲಿ, ಸಾಲು ಸ್ವಲ್ಪ ಜಗ್ಗಲಿ, ಕೆಂಪಿನಿಂದ ಕಪ್ಪುಕಂದಿನವರೆಗೆ ಛಾಯೆಗಳಿರಲಿ. ನಡುಹಗಲ ಸೂರ್ಯ ತೊಟ್ಟಿಗೆ ನೇರ ಇಳಿಯುತ್ತಾನಾದರೂ ಛಾವಣಿಗೆ ಆ ಹೊತ್ತು ಒಳ್ಳೆಯದಲ್ಲ. ಬೆಳಿಗ್ಗೆ ಒಂಬತ್ತೂವರೆ ಹತ್ತಕ್ಕೆ ಒಂದು ಇಳಿಜಾರು ಬಿಸಿಲಲ್ಲಿ, ಎದುರಿನದು ಓರೆಬೆಳಕಲ್ಲಿ ಸಿಗುತ್ತದೆ.

ಬಣ್ಣ, ಆಕಾಶ, ಕೊನೆಯ ಪಾಲಿಶ್

ಹೆಂಚಿನ ಕೆಂಪು ರೆಂಡರಿನಲ್ಲಿ ಕಿತ್ತಳೆಯಾಗಿ ಉರಿಯುವುದಕ್ಕೆ ಕಾರಣ ಮೂಲಬಣ್ಣವೇ ಗಾಢವಾಗಿರುವುದು. ಇಳಿಬಿಸಿಲಿನ ಹಳದಿಯೂ ಅದಕ್ಕೆ ಸೇರಿಕೊಳ್ಳುತ್ತದೆ. ಆರ್‌ಜಿಬಿ 160, 85, 62ರ ಸುತ್ತಮುತ್ತ ಶುರುಮಾಡಿ, ಬಿಸಿಲು ಬಿದ್ದ ಮೇಲೆ ನೋಡಿ ತಿದ್ದಿ. ರಫ್‌ನೆಸ್ (ಮೈ ಎಷ್ಟು ಒರಟು, ಅಂದರೆ ಎಷ್ಟು ಹೊಳಪಿಲ್ಲದ್ದು ಎಂಬ ಸಂಖ್ಯೆ) 0.7–0.85. ಮಳೆಗಾಲದ ಚಿತ್ರವಾದರೆ ಬಣ್ಣ ಇನ್ನೂ ಕಪ್ಪಾಗಿ, ರಫ್‌ನೆಸ್ 0.3ರ ಆಸುಪಾಸಿಗೆ ಇಳಿಯಬೇಕು. ಮೋಡದ ದಿನ ನೆರಳು ಇಲ್ಲದ್ದರಿಂದ ಒದ್ದೆಹೆಂಚಿನ ಹೊಳಪೇ ಏಣುಗಳನ್ನು ತೋರಿಸುತ್ತದೆ. ಹಳೆಯ ಛಾವಣಿಗೆ ಪಾಚಿಯ ಕಪ್ಪು ಎಲ್ಲ ಕಡೆ ಸಮನಾಗಿ ಬೇಡ. ನೀರು ನಿಧಾನವಾಗಿ ಹರಿಯುವ ಮೂಗಿನ ಅಂಚಿಗೆ, ಒಳಮೂಲೆಯ ಪಕ್ಕಕ್ಕೆ, ಮರದ ನೆರಳಿನ ಕಡೆಗೆ ಮಾತ್ರ.

ನೆತ್ತಿಯ ಗೆರೆ ಕಳೆದುಹೋಗುವುದು ಸಾಮಾನ್ಯವಾಗಿ ಆಕಾಶದಿಂದ. ಬೆಳಗಿದ ಛಾವಣಿಯ ಹಿಂದೆ ಬಿಳಿ ಆಕಾಶ ಬಂದರೆ ಎರಡೂ ಒಂದಾಗಿಬಿಡುತ್ತವೆ. ಬಿಸಿಲು ಬಿದ್ದ ಛಾವಣಿಯ ಹಿಂದೆ ಗಾಢನೀಲಿ ಆಕಾಶವೋ ಮರದ ಹಸಿರೋ ಇರಲಿ. ನೆರಳಿನ ಛಾವಣಿಯ ಹಿಂದೆ ತಿಳಿ ಆಕಾಶ. ಮೈಸೂರಿನ ಬೀದಿಗಳಿಗೆ ಹೊಂಗೆ, ಮಳೆಮರ, ಹಿತ್ತಲಿಗೆ ತೆಂಗು ಸಹಜವಾಗಿ ಒಪ್ಪುತ್ತವೆ. ತೆಂಗನ್ನು ನೆತ್ತಿಯ ಹಿಂದೆ ಇಡಿ. ಮುಂದೆ ಇಟ್ಟರೆ ಗರಿಯ ನೆರಳು ಹೆಂಚಿನ ಸಾಲುಗಳ ಮೇಲೆ ಬಿದ್ದು, ಇಷ್ಟು ಹೊತ್ತು ದುಡಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ.

ಇನ್ನು ರೆಂಡರಿನ ಕಾಳುಕಾಳು ಕಲೆಗಳನ್ನು (ನಾಯ್ಸ್) ಒರೆಸುವ ಡಿನಾಯ್ಸರ್. ಕಡಿಮೆ ಸ್ಯಾಂಪಲ್‌ನಲ್ಲಿ ರೆಂಡರ್ ಮಾಡಿ ಡಿನಾಯ್ಸರ್‌ಗೆ ಬಿಟ್ಟರೆ ಅದು ಹೆಂಚಿನ ಸಣ್ಣಗೆರೆಗಳನ್ನೂ ಕಲೆಯೆಂದು ತಿಳಿದು ಒರೆಸುತ್ತದೆ. ನಾಯ್ಸ್ ಲಿಮಿಟನ್ನು 0.01ರ ಹತ್ತಿರ ಇಟ್ಟು, ಡಿನಾಯ್ಸ್ ಆದದ್ದನ್ನೂ ಮೂಲವನ್ನೂ ಅರ್ಧರ್ಧ ಬೆರೆಸಿ. 3ಡಿಎಸ್ ಮ್ಯಾಕ್ಸ್‌ನವರು ಬಿಟ್‌ಮ್ಯಾಪಿನ ಬ್ಲರ್ 1 ಇರುವುದನ್ನು 0.3ಕ್ಕೆ ಇಳಿಸಿ ನೋಡಿ. ದೂರದ ಸಾಲುಗಳು ಕುಣಿಯತೊಡಗಿದರೆ ಸ್ವಲ್ಪ ಏರಿಸಿ. ಫೋಟೋಶಾಪಿಗೆ ಹೋಗುವ ಮೊದಲು ಒಂದೊಂದು ವಸ್ತುವನ್ನೂ ಮೆಟೀರಿಯಲ್ಲನ್ನೂ ಬೇರೆ ಬಣ್ಣದಲ್ಲಿ ಗುರುತಿಸುವ ಕ್ರಿಪ್ಟೋಮ್ಯಾಟ್ ಇಲ್ಲವೇ ಮೆಟೀರಿಯಲ್ ಐಡಿ ತೆಗೆದಿಟ್ಟುಕೊಂಡರೆ ಛಾವಣಿಯನ್ನು ಮಾತ್ರ ಆರಿಸಿ ಕರ್ವ್ಸ್ ತಿದ್ದಬಹುದು. ಸಂದುಮೂಲೆಗಳನ್ನು ಮಾತ್ರ ಕಪ್ಪಾಗಿಸಿ ತೋರಿಸುವ ಆಂಬಿಯೆಂಟ್ ಒಕ್ಲೂಶನ್ ಪಾಸನ್ನು ಮಲ್ಟಿಪ್ಲೈನಲ್ಲಿ 20–30 ಶೇಕಡಾ ಹಾಕಿದರೆ ಹೆಂಚಿನ ಸಂದುಗಳು ಇನ್ನಷ್ಟು ಆಳವಾಗುತ್ತವೆ. ಅದನ್ನು ದಾಟಿದರೆ ಮಸಿ ಹಿಡಿದ ಹಾಗೆ.

ಸಮತಟ್ಟಾದ ತಾರಸಿಯ ಮನೆಗಳಿಗೆ ಇದರಲ್ಲಿ ಸ್ವಲ್ಪವೇ ಅನ್ವಯಿಸುತ್ತದೆ. ಅಲ್ಲಿ ಛಾವಣಿಯೆಂದರೆ ಪ್ಯಾರಾಪೆಟ್, ಅದರ ಮೇಲೆ ಹೊದಿಸುವ ಕೋಪಿಂಗ್ ಪಟ್ಟಿ, ಮೆಟ್ಟಿಲಿನ ಹೆಡ್‌ರೂಮ್. ಕೋಪಿಂಗನ್ನು ಎರಡೂ ಕಡೆ 25–50 ಮಿ.ಮೀ. ಹೊರಚಾಚಿ, ಅದರ ಅಡಿಯ ನೆರಳು ಗೆರೆಯಾಗಿ ಬೀಳುವಂತೆ ಮಾಡಿ. ನೀರಿನ ಟ್ಯಾಂಕು, ಸೋಲಾರ್ ಹೀಟರು ನಿಜವಾಗಿ ಕೂರುವ ಜಾಗದಲ್ಲೇ ಇರಲಿ. ಬೀದಿಗೆ ಕಾಣುತ್ತದೆ ಎಂದು ರೆಂಡರಿನಲ್ಲೇ ತಿಳಿದರೆ ಹೆಡ್‌ರೂಮಿನ ಹಿಂದಕ್ಕೆ ಸರಿಸಲು ಇನ್ನೂ ಕಾಲ ಇರುತ್ತದೆ.

ಮುಸ್ಸಂಜೆಯ ರೆಂಡರ್ ಕೇಳುವವರು ಹೆಚ್ಚು, ಅದರಲ್ಲಿ ಛಾವಣಿ ಕತ್ತಲಿಗೆ ಮುಳುಗುವುದೂ ಹೆಚ್ಚು. ಮೈಸೂರು ಅರಮನೆಗೆ ಲಕ್ಷದ ಹತ್ತಿರ ಬಲ್ಬು ಹಾಕಿರುವುದು ಗೋಡೆಯನ್ನು ಬೆಳಗಿಸುವುದಕ್ಕಲ್ಲ; ಗುಮ್ಮಟ, ಕಮಾನು, ಅಂಚುಗಳ ಗೆರೆಗುಂಟ ಅವು ಸಾಲಾಗಿ ಕೂತಿರುವುದರಿಂದಲೇ ಕತ್ತಲಲ್ಲೂ ಆಕಾರ ಪೂರ್ತಿ ಓದಲು ಬರುತ್ತದೆ. ಮನೆಗೆ ಅಷ್ಟು ಬೇಕಿಲ್ಲ, ಆದರೆ ತತ್ವ ಅದೇ. ಸೂರ್ಯ ಮುಳುಗಿದ 15–20 ನಿಮಿಷಕ್ಕೆ ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುತ್ತದೆ. ಆ ಹೊತ್ತಿನ ಎಚ್‌ಡಿಆರ್‌ಐ (ದೃಶ್ಯಕ್ಕೆ ಬೆಳಕನ್ನೂ ಕೊಡುವ ಆಕಾಶದ ಚಿತ್ರ) ಹಾಕಿದರೆ ನೆತ್ತಿಯ ಗೆರೆ ಕಪ್ಪಾಗಿ ಅದರೆದುರು ನಿಲ್ಲುತ್ತದೆ. ಸೂರಿನ ಅಡಿಗೆ, ಗೋಡೆಯಿಂದ ಅರ್ಧ ಅಡಿ ದೂರದಲ್ಲಿ, ಮೇಲ್ಮುಖವಾಗಿ 3000 ಕೆಲ್ವಿನ್‌ನ ಪಟ್ಟಿದೀಪ ಇಟ್ಟರೆ ಜಂತೆ, ರೀಪರು, ಹೆಂಚಿನ ಅಡಿಮೈ ಬೆಳಗುತ್ತವೆ. ಮೇಲ್ಮೈಗೆ ತೀರಾ ಬೆಳಕಿಲ್ಲ ಅನಿಸಿದರೆ ನೆತ್ತಿಯ ಹಿಂದಿನಿಂದ, ಕ್ಯಾಮೆರಾಗೆ ಕಾಣದಂತೆ, ತಣ್ಣನೆಯ ನೀಲಿಯ ಒಂದು ಮಂದ ಏರಿಯಾ ಲೈಟನ್ನು ಇಳಿಜಾರಿನ ಮೈಗೆ 15 ಡಿಗ್ರಿಯಲ್ಲಿ ಸವರಿಸಿ. ಹಗಲಿನ ಅದೇ ಅಡ್ಡಸಾಲುಗಳು, ಈ ಸಲ ಬೆಳದಿಂಗಳಷ್ಟು ತೆಳುವಾಗಿ, ಮತ್ತೆ ಕಾಣುತ್ತವೆ.